ಮರದ ತುದಿಯ ಬಿಪಿ

ಶಿರಸಿಯ ಆಸ್ಪತ್ರೆಯೊಂದರ ಔಷಧಿ ಕಿಟಕಿಯ ಮುಂದೆ ನಮಿತಾ ಮಾವನ ಬಿಪಿ ಚೀಟಿ ಹಿಡಿದು ನಿಂತಿದ್ದಳು. ಸಾಲಿನಲ್ಲಿ ಅವಳ ಮುಂದಿದ್ದವರು ಎಕ್ಕಂಬಿ ಕಡೆಯ ಅತ್ತಿಗೆ, ಮೈದುನ ಎಂಬುದು ಮಾತಿನಲ್ಲೇ ಗೊತ್ತಾಯಿತು.

“ಡಾಕ್ಟ್ರು ಎಂತ ಹೇಳಿದ್ರು ಅತ್ತಿಗೆ?”

“ಬಿಪಿ ಗುಳಿಗೆ ತಪ್ಪಿಸ್ಬೇಡಿ ಅಂದ್ರು.”

“ಆ ಗುಳಿಗೆ ನುಂಗೇ ಅಲ್ವಾ ಅಣ್ಣ ಅಡಿಕೆ ಮರದಿಂದ ಬಿದ್ದದ್ದು?”

“ಮರದ ತುದೀಲಿ ಕಣ್ಣು ಕತ್ತಲೆ ಬರ್ತದೆ ಅಂತ ನಿಮ್ಮಣ್ಣ ಮೊದ್ಲೇ ಎರಡು ಸಲ ಬಂದು ಹೇಳಿದ್ರು. ಎರಡು ಸಲಾನೂ ಡಾಕ್ಟ್ರು ಮಂಚದ ಮೇಲೆ ಮಲಗ್ಸಿ ಬಿಪಿ ನೋಡಿ, ಎಲ್ಲ ಸರಿ ಇದೆ ಅಂದ್ರು.”

“ಮಲಗಿದೋರಿಗೆ ಎಂತ ಕತ್ತಲೆ ಬರ್ತದೆ?”

“ಸಾವಿರಾರು ಜನಕ್ಕೆ ಕೊಟ್ಟು ಪರೀಕ್ಷೆ ಮಾಡಿದ ಗುಳಿಗೆಯಂತೆ.”

“ಅವ್ರಲ್ಲಿ ಮರ ಹತ್ತಿ ಅಡಿಕೆ ಕೊನೆ ಕೊಯ್ಯೋರು ಎಷ್ಟು ಜನ ಇದ್ರಂತೆ?”

“ಕೇಳ್ದೆ. ಅದನ್ನೆಲ್ಲ ಯಾರೂ ಬರೆದಿಡೂದಿಲ್ಲ ಅಂದ್ರು.”

ಕಿಟಕಿಯಿಂದ ಅದೇ ಗುಳಿಗೆ ಬಂತು. ಅತ್ತಿಗೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ವಾರ್ಡಿನ ಕಡೆ ತಿರುಗಿದಳು.

“ಕಾಲಿಗೆ ಸ್ವಾಧೀನ ಬರ್ತದಂತಾ?”

“ಇನ್ನಿಲ್ಲಂತೆ.”

“ಬಿಪಿ?”

“ಅದು ಚಲೋ ಇದೆ. ಇನ್ಮೇಲೆ ಯಾವಾಗ ನೋಡಿದ್ರೂ ನಿಮ್ಮಣ್ಣ ಮಂಚದ ಮೇಲೇ ಇರ್ತಾರಲ್ಲ.”