ಒಂದು ಪಟ್ಟಿ ಕೆಳಗ

ಎದ್ದು ಹೋಗಬ್ಯಾಡ್ರಿ ಬಾಯಾರ, ಕುಂದರ್ರಿ. ಗಂಟಲಿಗೆ ತ್ರಾಸ ಕೊಡಬ್ಯಾಡ್ರಿ, ತಲಿ ಅಲ್ಲಾಡಿಸಿದ್ರ ಸಾಕು, ನಿಮ್ಮ ವೈಜನಾಥಗ ತಿಳೀತದ. ಹನ್ನೆರಡು ವರ್ಷ ನಿಮ್ಮ ಹಾಡಿಗೆ ಬಾಜಾಪೇಟಿಯ ಕರಿ-ಬಿಳಿ ಪಟ್ಟಿ ಒತ್ತಿ ಸಾಥ್ ಕೊಟ್ಟಾಂವ ನಾ. ನೀವು ಎಲ್ಲಿ ಉಸರು ತಗೋತೀರಿ ಅಂತ ನಿಮಗಿಂತ ಮೊದಲ ನನ್ನ ಬೆರಳಿಗೆ ಗೊತ್ತಾಗ್ತಿತ್ತು...

ಯಾಕ ನಗಾಕತ್ತೀರಿ? ಈ ಕೋಟ್ ನೋಡೇನು? ಹೈದರಾಬಾದ್ ಕಾಲೇಜಿನ ಸಂಗೀತ ಮಾಸ್ತರ ಅಂದಮ್ಯಾಲ ಹಾಕ್ಕೋಬೇಕಾಗ್ತದ್ರಿ. ಬರೋ ತಿಂಗಳ ಅಲ್ಲಿ ನನಗ ಸತ್ಕಾರ ಇಟ್ಟಾರ. ಅದಕ್ಕ ಹುಮನಾಬಾದದಾಗ ಮೋಟಾರ್ ಹಿಡದು ಕಲ್ಯಾಣಕ್ಕ ಬಂದೇನಿ. ನೀವು ಮುಂದಿನ ಸಾಲಿನ್ಯಾಗ ಬಂದು ಕುಂತ್ರ ಸಾಕು. ಎಲ್ಲಾರೂ ನನಗ ಯಶೋದಾಬಾಯಾರ ಸಾಥಿದಾರ ಅಂತನ ಕರೀತಾರ. ನೀವ ಬರಲಿಲ್ಲಂದ್ರ ಯಾಕ ಬರಲಿಲ್ಲ ಅಂತ ಕೇಳ್ತಾರ್ರಿ.

ಹಂಗ ನೋಡಬ್ಯಾಡ್ರಿ. ನಂದೇನು ತಪ್ಪದ? ಮೂವತ್ತೈದನೇ ಇಸವಿ, ಹುಮನಾಬಾದದ ಆ ಬೈಠಕ್... ನಿಮಗ ನೆಗಡಿ ಹತ್ತಿತ್ತು. ಹಿಂದಿನ ದಿನ ಹುಲಸೂರದಾಗ ಹುಳಿ ಮಜ್ಜಿಗಿ ಬ್ಯಾಡಂದ್ರೂ ಕುಡದ್ರಿ. ಮ್ಯಾಲಿನ ಸಾ ಹಿಡಿಯಾಕ ಹೋದ್ರಿ, ದನಿ ಹರೀತು. ಬಾಯಾಗ ರಕ್ತ ಬಂತು. ಅವತ್ತಿಂದ ಹಾಡೂ ಹೋತು, ಮಾತೂ ಹೋತು. ದೈವರಿ. ಯಾರೇನು ಮಾಡೋದು?

ಹೌದ್ರಿ, ಕಾಲೇಜಿನ ಸಾಹೇಬ್ರು ಅವತ್ತ ನಿಮ್ಮ ಹಾಡು ಕೇಳಿ ನಿಮಗ ನೌಕರಿ ಕೊಡಾಕ ಬಂದಿದ್ರು. ಕಡೀಕ ನನ್ನ ಒಯ್ದರು. ನಾ ಬೇಡಿರಲಿಲ್ರಿ. ಏನು? ಯಾಕ ಕಿವಿ ಮುಟ್ಟಿ ತೋರಸಾಕತ್ತೀರಿ? ಹಾಂ... ಹಾಡೋಕ ಮೊದಲ ನನ್ನ ಕಿವ್ಯಾಗ ಏನೋ ಹೇಳಿದ್ರಿ ಖರೆ. ಮಹೆಬೂಬ ತಬಲಾ ಕೂಡಸಾಕತ್ತಿದ್ದ, ಆ ಗದ್ದಲದಾಗ ಕೇಳಲಿಲ್ಲ.

ಕೇಳಲಿಲ್ರಿ ಅಂದೆನಲ್ಲ.

ಕಿವಿ ಮ್ಯಾಲಿನ ಬೆರಳು ಇನ್ನರ ತಗೀರಿ ಬಾಯಾರ...

ಆತು. ಕೇಳಿತ್ತು. ‘ವೈಜನಾಥಾ, ಗಂಟಲ ಸರಿ ಇಲ್ಲ, ಇವತ್ತ ಶ್ರುತಿ ಒಂದು ಪಟ್ಟಿ ಕೆಳಗ’ ಅಂದ್ರಿ. ಹೂಂ ಅಂದೆ. ಇಳಸಲಿಲ್ಲ. ತಂಬೂರಿನೂ ದಿನದ ಎತ್ತರದ ಪಟ್ಟಿಗೇ ಕೂಡಿಸಿದೆ. ನೀವು ಹೈದರಾಬಾದಿಗೆ ಹೋದ್ರ ನನ್ನ ಯಾರು ಕರೀತಿದ್ರು? ಹಾಡೋರಿಲ್ಲದ ಸಾಥಿದಾರಗ ಯಾವ ಊರಾಗ ಚಾಪಿ ಹಾಸ್ತಾರ? ದನಿ ಒಂಚೂರು ಎಡವಲಿ, ಸಾಹೇಬ್ರು ಬ್ಯಾಡನ್ನಲಿ, ನೀವು ಇಲ್ಲೇ ಉಳೀರಿ... ಇಷ್ಟ ಇತ್ತು ಮನಸನ್ಯಾಗ. ರಕ್ತ ಬರ್ತದಂತ ಅನ್ಕೊಂಡಿರಲಿಲ್ಲ. ನೆಗಡಿಗೆ ನಿಮ್ಮ ಕಿವಿ ಕಟ್ಟಿರ್ತಾವ, ಪಟ್ಟಿ ಗೊತ್ತಾಗಂಗಿಲ್ಲ ಅಂದ್ಕೊಂಡೆ.

ಯಾಕ ತಲಿ ಅಲ್ಲಾಡಸಾಕತ್ತೀರಿ? ಕಟ್ಟಿರಲಿಲ್ಲೇನು?

ಒಂದು ಬೆರಳು ಯಾಕ ಎತ್ತೀರಿ? ಮೊದಲನೇ ‘ಸಾ’ ಹಚ್ಚಿದಾಗನ ಗೊತ್ತಾಗಿತ್ತೇನು? ಮತ್ತ ಯಾಕ ನಿಲ್ಲಸಲಿಲ್ರಿ? ‘ಇಳಸು’ ಅಂತ ಒಂದು ಮಾತು ಅಂದಿದ್ರ...

ನನ್ನ ಕಡೆ ಯಾಕ ಬೆರಳು ಮಾಡ್ತೀರಿ? ನನ್ನ ಸಲುವಾಗಿ? ಅಷ್ಟು ಮಂದಿ ಮುಂದ ಸಾಥಿದಾರ ತಪ್ಪಿದಾ ಅಂತ ಆದ್ರ ನನ್ನ ಇಜ್ಜತ್ ಹೋಗ್ತದಂತ... ಅದಕ್ಕ ಹಂಗೇ ಹಾಡಿದ್ರೇನು?

ಬೈರಿ ನನಗ ಬಾಯಾರ. ಒಮ್ಮೆ ಬಾಯಿ ತುಂಬ ಬೈದು ಬಿಡ್ರಿ...

ಬೈಯಾಕ ದನಿ ಎಲ್ಲದರಿ ನಿಮಗ. ಅದನ್ನೂ ನಾನ ತಿಂದೆ.