ಈ ಸಲ ಫೆಜ್ ನೋಡೇ ನೋಡ್ತೀನಿ

ಮೆಕ್ನೆಸ್ ನಿಲ್ದಾಣದಲ್ಲಿ ಫೆಜ್ ಊರಿನ ರೈಲಿಗೆ ಕಾಯುತ್ತಿದ್ದ ರುಕಿಯಾಳ ಕಿವಿಗೆ ಪಕ್ಕದ ಬೆಂಚಿನ ಗಂಡಹೆಂಡಿರ ಮಾತು ಬಿತ್ತು. ಗಂಡ ಫೋನನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ.

“ಬತೂಲ್, ಅಮ್ಮಂಗೆ ಹೊಟ್ಟೆನೋವಂತೆ. ರಬಾತ್‌ಗೆ ವಾಪಸ್ ಬನ್ನಿ ಅಂತಿದಾಳೆ.”

“ನಮ್ಮ ಮದುವೆಯಾದ ವಾರಾನೂ ಇದೇ ಹೊಟ್ಟೆನೋವು ಬಂದಿತ್ತು. ಇದೇ ಊರಿಂದ ವಾಪಸ್ ಹೋದ್ವಿ. ಈಗ ಮಗಳ ಮದುವೇನೂ ಆಯ್ತು, ನಾನಿನ್ನೂ ಫೆಜ್ ನೋಡಿಲ್ಲ. ನಿಮ್ಮ ತಂಗಿ ಮನೇಲೇ ಇದಾಳಲ್ಲ?”

“ಇದಾಳೆ. ಅಮ್ಮ ಈಗಷ್ಟೇ ಎರಡು ತಟ್ಟೆ ಕುಸ್ಕುಸ್ ತಿಂದ್ಲಂತೆ.”

“ಮತ್ತೆ ಹೊಟ್ಟೆ ನೋಯದೆ ಇನ್ನೇನು ಮಾಡುತ್ತೆ?”

ರುಕಿಯಾ ನಗು ತಡೆಯಲಾರದೆ ಮುಖ ತಿರುಗಿಸಿದಳು.

“ಮುಂದಿನ ವರ್ಷ ಹೋಗೋಣ ಕಣೇ.”

“ನೀವು ವಾಪಸ್ ಹೋಗಿ. ಆಲಿವ್ ತೋಪು, ಗಸಗಸೆ ಹೂವಿನ ಹೊಲ ಎಲ್ಲಾ ಕಿಟಕೀಲಿ ಒಬ್ಳೇ ನೋಡ್ಕೊಂಡು ಹೋಗ್ತೀನಿ. ಫೆಜ್‌ನ ಹಳೇ ಓಣಿಗಳಲ್ಲಿ ದಾರಿ ತಪ್ಪಿದ್ರೂ ಒಬ್ಳೇ ತಪ್ತೀನಿ.”

ಬತೂಲ್ ಎದ್ದು ಚೀಲವನ್ನು ಹೆಗಲಿಗೇರಿಸಿದಳು. ಗಂಡ ಅವಳನ್ನೇ ನೋಡಿದ. ಆಮೇಲೆ ಫೋನಿನಲ್ಲಿ ಗಟ್ಟಿಯಾಗಿ ಕೂಗಿದ.

“ಅಮ್ಮಾ, ಏನೂ ಕೇಳಿಸ್ತಿಲ್ಲ! ರೈಲು ಬಂತು, ಹತ್ತುತಾ ಇದೀವಿ!”

ಫೋನ್ ಕಟ್ ಮಾಡಿದ. ಹಳಿಯ ಮೇಲೆ ರೈಲಿನ ಸುಳಿವೇ ಇರಲಿಲ್ಲ.

“ಎಲ್ರೀ ಬಂತು?” ಎಂದಳು ಬತೂಲ್.

ಅವನು ಅವಳ ಹೆಗಲಿನಿಂದ ಚೀಲ ಇಸಿದುಕೊಂಡು, ಪ್ಲಾಟ್‌ಫಾರ್ಮಿನ ಆ ತುದಿಯತ್ತ ಹೆಜ್ಜೆ ಹಾಕಿದ.

“ಸುಮ್ನೆ ನಡಿಯೇ. ಆ ತುದೀಲಿ ಸಿಗ್ನಲ್ ಸಿಗಲ್ಲ, ಇಲ್ಲೇ ನಿಂತಿದ್ರೆ ಮತ್ತೆ ಫೋನ್ ಬರುತ್ತೆ.”