ಎಂಟನೇ ತಿಂಗಳ ಶಿವದಾರ

"ಹಲೋ... ಹಲೋ, ಯಾರು ಮಾತಾಡ್ತಿರೋದು?... ಹಾಂ?... ಇಂಗ್ಲೀಷು ನಂಗೆ ತಿಳಿಯಕ್ಕಿಲ್ಲ ಕಣಮ್ಮ. ನಾನು ಚನ್ನಮಲ್ಲಯ್ಯನ ತಾಯಿ, ಸಿದ್ದಗಂಗಮ್ಮ. ದೊಡ್ಡೇರಿಯೋಳು..."

ಟೆಲಿಫೋನಿನ ಕೊಳವೆ ತಲೆಕೆಳಗಾಗಿದೆ ಎಂದು ರುದ್ರಯ್ಯ ಕೈಸನ್ನೆ ಮಾಡಿದ. ಅವಳು ತಿರುಗಿಸಿ ಹಿಡಿದಳು. ಟೆಲಿಫೋನು ಇದ್ದದ್ದು ಮಧುಗಿರಿ ಪೇಟೆಯ ಅವನ ಮಂಡಿಯಲ್ಲಿ. ಲಂಡನ್ನಿನಲ್ಲಿ ಓದುತ್ತಿರುವ ಮಗ ಮಂಗಳವಾರ ಮಾತಾಡುತ್ತಾನೆ ಎಂಬ ತಂತಿ ಬಂದದ್ದೂ ಅಲ್ಲಿಗೇ. ಮೂರೇ ನಿಮಿಷ, ಆಮೇಲೆ ಟೆಲಿಫೋನಿನವರೇ ಕತ್ತರಿಸುತ್ತಾರೆ ಎಂದು ರುದ್ರಯ್ಯ ಮೊದಲೇ ಹೇಳಿದ್ದ. ಅವಳ ಬೆನ್ನ ಹಿಂದೆ, ಹುಣಸೆಹಣ್ಣಿನ ಮೂಟೆಗಳ ಪಕ್ಕ, ಗಂಡ ಪರ್ವತಯ್ಯ ಚಾಪೆ ಹಾಸಿಕೊಂಡು ಕೂತಿದ್ದರು. ಊರ ಮಠದ ಅಯ್ಯನವರು. ಕಂಡಕಂಡವರ ಉಸಿರು ಬಿದ್ದ ಕೊಳವೆಯನ್ನು ಮುಖಕ್ಕೆ ಹಿಡಿಯಲಾರೆ ಎಂದಿದ್ದರು. ಹಾಗಾಗಿ ಮಗನ ದನಿ ಹೆಂಡತಿಯ ಪಾಲಿಗೆ ಬಂದಿತ್ತು.

"ಮಗಾ... ನೀನೇನಾ?... ಅದ್ಯಾಕಪ್ಪ ಗಡಿಗೆ ಒಳಗಿಂದ ಮಾತಾಡ್ದಂಗೆ ಕೇಳ್ತದೆ?... ನಾವೆಲ್ಲ ಚೆನ್ನಾಗಿದೀವಿ. ನಿಮ್ಮಪ್ಪಾರೂ ಬಂದವ್ರೆ... ಹೂಂ, ಇಲ್ಲೇ, ನನ್ನ ಹಿಂದೇನೇ ಕೂತವ್ರೆ... ಯಾಕ್ಲಾ ಸುಮ್ನಾದೆ?"

...

"ಎಲ್ಲಿಗೋಗಿದ್ದೆ?... ರೈಲಲ್ಲಾ?... ಓದೋ ಹುಡುಗರೆಲ್ಲ ಸೇರ್ಕಂಡು... ಶನಿವಾರ ಹೋಗಿ ಭಾನುವಾರ ಬರಾದಾ. ಹುಡ್ಗೀರೂ ಇದ್ರಾ?... ಇರ್ಲಿ ಬುಡು, ಸುಮ್ಕೆ ಕೇಳ್ದೆ."

...

"ಸಮುದ್ರ ನೋಡ್ದಾ. ಸಿರಾ ಕೆರೆ ಕೋಡಿ ಬಿದ್ದಿದ್ದು ನೋಡಿದೀನಿ ನಾನು, ಅದಕ್ಕಿಂತ ದೊಡ್ಡದಾ?... ನಗಬ್ಯಾಡ ಕಣ್ಲಾ... ನಗ್ತಿಲ್ವಾ. ಮತ್ತೆ ಅದೇನದು ಸದ್ದು?... ಚನ್ನಮಲ್ಲ, ಅಳ್ತಿದೀಯಾ?"

ಏನಾಯಿತೆಂದು ಪರ್ವತಯ್ಯ ಕೇಳಿದರು. ತಂತಿ ಗೊರಗೊರ ಅಂತದೆ, ಅಷ್ಟೇ ಎಂದಳು.

"ಏನು ಕಳ್ಕಂಡೆ?... ಪಿಸಪಿಸ ಅನ್ಬ್ಯಾಡ, ಕೇಳಕ್ಕಿಲ್ಲ... ಕೋಟಾ? ಹೋದ್ರೆ ಹೋಯ್ತು, ಇನ್ನೊಂದು ಹೊಲಿಸ್ಕೋ... ಕೋಟಿನ ಜೇಬಲ್ಲಾ? ಜೇಬಲ್ಲಿ ಏನಿತ್ತು?"

...

ಅವಳ ಎಡಗೈ ತಾನಾಗಿ ಸೆರಗಿನೊಳಗೆ ಹೋಗಿ ತನ್ನ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಹಿಡಿಯಿತು. ಅಂಥದ್ದೇ ಒಂದು ಕರಡಿಗೆ, ಒಳಗೆ ಗುರು ಕೊಟ್ಟ ಇಷ್ಟಲಿಂಗ, ಮಗನ ಎದೆಯ ಮೇಲೂ ಇತ್ತು. ಹಡಗು ಹತ್ತಲು ಹೊರಟ ದಿನ ಅಂಗಿಯ ಮೇಲಿನಿಂದಲೇ ಮುಟ್ಟಿ ನೋಡಿ ಕಳಿಸಿದ್ದಳು. ಮೈಯಿಂದ ಅಗಲಬಾರದ್ದು ಅದು. ಅದಕ್ಕೆ ಪೂಜೆ ಆಗದೆ ಒಂದು ತುತ್ತೂ ಬಾಯಿಗೆ ಹೋಗಬಾರದು. ಅವಳು ದನಿ ತಗ್ಗಿಸಿದಳು.

"ಅದು ಜೇಬಿಗೆ ಯಾಕೆ ಬಂತಪ್ಪ?... ಯಾರು ಕೇಳಿದ್ರು?... ನಶ್ಯದ ಡಬ್ಬಿನಾ ಅಂದ್ರಾ. ರೈಲಲ್ಲಿ ಕೈಯಿಂದ ಕೈಗೆ ಕೊಟ್ಟು ನೋಡಿದ್ರಾ... ನಕ್ರಾ... ನೀನೂ ನಕ್ಕೆಯಾ."

...

"ಹೂಂ. ಆಮೇಲೆ ಜೇಬಿಗೆ ಹಾಕ್ಕಂಡೆ... ರೈಲು ಬದಲಾಯಿಸೋವಾಗ ಕೋಟು ಬುಟ್ಟು ಇಳಿದ್ಬುಟ್ಟೆ... ಕೋಟು ಸಿಕ್ತಾ? ಮತ್ತೆ?... ಜೇಬು ಬರಿದಾ."

ಏನಂತೆ ಎಂದು ಪರ್ವತಯ್ಯ ಮತ್ತೆ ಕೇಳಿದರು. ಅವಳು ತಿರುಗದೆ ಹೇಳಿದಳು: ಕೋಟು ಕಳ್ಕಂಡಿದ್ದನಂತೆ, ಸಿಕ್ತಂತೆ. ಹುಷಾರಾಗಿರಲು ಹೇಳು ಎಂದರು ಅವರು.

"ಹುಷಾರಾಗಿರ್ಬೇಕಂತೆ, ನಿಮ್ಮಪ್ಪಾರು ಹೇಳ್ತಾವ್ರೆ... ಇಲ್ಲ, ಹೇಳಿಲ್ಲ. ಹೇಳಕ್ಕಿಲ್ಲ... ಅವತ್ತಿಂದ ಏನು ಉಂಡೆ?... ಭಾನುವಾರ?... ನಿನ್ನೆ?... ನೀರಾದ್ರೂ?"

...

ಕೊಳವೆಯಲ್ಲಿ ಗಾಳಿ ಬೀಸಿದಂಥ ಸದ್ದು. ಅವನಿಗೆ ನೆನಪಾಗಿರುವುದು ಯಾವುದು ಎಂದು ಅವಳಿಗೆ ಗೊತ್ತಾಯಿತು. ಮಗ ಚಿಕ್ಕವನಿದ್ದಾಗ, ನೀರು ಸೇದಲು ಬಗ್ಗಿದ ಪಕ್ಕದ ಮನೆಯ ರೇಣುಕಯ್ಯನ ಶಿವದಾರ ಕಡಿದು ಕರಡಿಗೆ ಬಾವಿಗೆ ಬಿದ್ದಿತ್ತು. ನೀರು ಬತ್ತಿಸಿ, ಕೆಸರು ತೋಡಿ, ಅದು ಸಿಗುವವರೆಗೂ ರೇಣುಕಯ್ಯನಿಗೆ ಒಂದು ಗುಟುಕು ಮಜ್ಜಿಗೆ ಕೊಡದಂತೆ ಬಾವಿಕಟ್ಟೆಯ ಮೇಲೆ ಕಾವಲು ಕೂತವರು ಪರ್ವತಯ್ಯ. ಲಿಂಗ ಸಿಕ್ಕಿತು. ರೇಣುಕಯ್ಯ ಮಾತ್ರ ಆಮೇಲೆ ನೆಟ್ಟಗಾಗಲಿಲ್ಲ, ಮುಂದಿನ ಸುಗ್ಗಿ ಕಾಣಲಿಲ್ಲ. ಅಪ್ಪನ ಮೊಣಕಾಲಿಗೆ ಒರಗಿ ಹುಡುಗ ಅದನ್ನೆಲ್ಲ ನೋಡಿದ್ದ.

"ಲೇ, ಅವತ್ತಿಂದು ಬಾವಿ ಕಣ್ಲಾ. ಇಳಿದು ಹುಡುಕಿದ್ರು. ರೈಲನ್ನ ತೋಡಕ್ಕಾಗ್ತದಾ?... ನಂಬಿಕೆ ಇಲ್ಲ ಅಂತಿದ್ದೋನು ನೀನೇ ಅಲ್ವಾ? ಅಷ್ಟುದ್ದ ವಾದ ಹಾಕ್ತಿದ್ದೆ... ಗಂಟ್ಲಲ್ಲಿ ಇಳಿಯಕ್ಕಿಲ್ವಾ... ಹೂಂ. ಗೊತ್ತು ಕಣಪ್ಪ. ಗೊತ್ತು."

ಚಾಪೆ ಕಿರುಗುಟ್ಟಿತು. ಬಾವಿ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು.

"ಅಲ್ಲಿ ಯಾರಿಗಾದ್ರೂ ಹೇಳಿದ್ಯಾ?... ಹೆಂಗೆ ಹೇಳಾದು ಅಂತೀಯಾ... ಜೊತೇಲಿ ಬಂದಿದ್ದೋರಿಗೂ ಇಲ್ವಾ... ಜ್ವರ ಅಂದಿದೀಯಾ. ಬಾಗ್ಲು ಹಾಕ್ಕಂಡು ಮಲಗಿದೀಯಾ, ಒಬ್ಬನೇ."

...

"ಯಾರಮ್ಮ ನಡುವೆ?... ಆಗೋಯ್ತಾ? ಒಂದು ಮಾತು ತಾಯಿ, ಒಂದೇ ಮಾತು..."

ಮರೆಮಾಚಿ ಹೇಳಲು ಇನ್ನು ಹೊತ್ತಿರಲಿಲ್ಲ. ಹಿಂದೆ ಕೂತವರು ಕೇಳಿಸಿಕೊಂಡರೆ ಮಗ ಈ ಜನ್ಮಕ್ಕೆ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಕೇಳಿಸಬಾರದೆಂದು ಸುಮ್ಮನಾದರೆ ಅವನು ಅಲ್ಲೇ ಒಣಗುತ್ತಾನೆ. ಸಿದ್ದಗಂಗಮ್ಮ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಲದ ಆಚೆ ಬದುವಿನಲ್ಲಿ ನಿಂತವನಿಗೆ ಕೂಗುವ ಹಾಗೆ ದನಿ ಎತ್ತಿದಳು.

"ಕೇಳ್ಲಾ. ನೀನು ಹೊಟ್ಟೇಲಿದ್ದಾಗ, ಎಂಟನೇ ತಿಂಗಳಲ್ಲಿ, ಗುರುಗಳು ಬಂದು ನಿನ್ನ ಪಾಲಿನ ಲಿಂಗ ನನ್ನ ಕೊರಳಿಗೆ ಕಟ್ಟಿದ್ರು. ನಂದೊಂದು, ನಿಂದೊಂದು. ಎರಡು ಶಿವದಾರ ಹೊತ್ಕಂಡು ತಿರುಗ್ದೆ. ಇಬ್ಬರ ಪೂಜೆನೂ ನಾನೇ ಮಾಡ್ದೆ, ಇಬ್ಬರ ಪಾಲಿಂದೂ ನಾನೇ ಉಂಡೆ. ನೀನೇನು ಆಗ ವಿಭೂತಿ ಹಚ್ಕಂಡು ಕೂತಿದ್ಯಾ? ಶಿವ ಬ್ಯಾಡ ಅಂದ್ನಾ?"

...

"ಈಗ್ಲೂ ಅಂಗೇ ಅಂದ್ಕೋ. ಇನ್ನೂ ಹುಟ್ಟಿಲ್ಲ ಅಂದ್ಕೋ. ನಾಳೆಯಿಂದ ಎರಡು ಸಲ ಪೂಜೆ ಮಾಡ್ತೀನಿ, ಒಂದು ನಂದು, ಒಂದು ನಿಂದು. ನೀನು ಬಂದು ಗುರುಗಳ ಕೈಯಿಂದ ಬ್ಯಾರೆ ಲಿಂಗ ಇಸ್ಕಳ್ಳೋ ಗಂಟ. ನೀನು ಉಣ್ಣು. ಪಾಪ ಇದ್ರೆ ನನಗಿರ್ಲಿ, ನೀನು ಉಣ್ಣು."

ಪರ್ವತಯ್ಯ ಎದ್ದು ನಿಂತಿದ್ದರು. ರುದ್ರಯ್ಯ ತಕ್ಕಡಿಯ ಕಡೆ ಮುಖ ಮಾಡಿದ. ಆ ಅಧಿಕಾರ ನಿನಗೆ ಯಾರು ಕೊಟ್ಟರು ಎಂದು ಅವರು ಮೆಲ್ಲಗೆ ಕೇಳಿದರು. ಮಠದಲ್ಲಿ ತೀರ್ಪು ಹೇಳುವಾಗಲೂ ಅವರ ದನಿ ಅಷ್ಟೇ ಮೆಲ್ಲಗಿರುತ್ತಿತ್ತು. ಅವಳು ತಿರುಗಲಿಲ್ಲ.

"ಉಣ್ತೀಯಾ?... ಮಗಾ, ಕೇಳ್ತಾ?... ಏನೂ ಹೇಳಬ್ಯಾಡ, ಹೂಂ ಅನ್ನು ಸಾಕು..."

...

"ಹಲೋ... ಹಲೋ..."

ಟಕ್ ಎಂದಿತು. ಗಾಳಿಯ ಸದ್ದೂ ನಿಂತಿತು. ಕೊಳವೆಯೊಳಗೆ ಈಗ ಏನೂ ಇರಲಿಲ್ಲ. ಎಲ್ಲಿಯವರೆಗೆ ತನ್ನ ಮಾತು ಹೋಗಿ ಮುಟ್ಟಿತು, ಯಾವ ಮಾತಿಗೆ ತಂತಿ ಕಡಿಯಿತು, ಹೇಳುವವರು ಯಾರೂ ಇರಲಿಲ್ಲ. ಬೆನ್ನ ಹಿಂದೆ ಗಂಡ ಕಾಯುತ್ತ ನಿಂತಿದ್ದರು. ಅವಳು ಕೊಳವೆಯನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಹಾಂ... ಉಣ್ತೀಯಾ... ಸರಿ ಕಣಪ್ಪ. ಬಿಸೀದು ಏನಾದ್ರೂ ಉಣ್ಣು... ಹೂಂ... ಹೂಂ, ನಿಮ್ಮಪ್ಪಾರಿಗೂ ಹೇಳ್ತೀನಿ..."